ಹುಟ್ಟುಗಲ್ಲು, ನಟ್ಟಗಲ್ಲು: ಬಸ್ರೂರಿನ ಶಾಸನಗಳನ್ನು ಕಲ್ಲಿನ ಕಡೆಯಿಂದ ಓದುವುದು

ಭೂವಿಜ್ಞಾನದ ವಿದ್ಯಾರ್ಥಿಗಳ ಕ್ಷೇತ್ರಕಾರ್ಯ ಅಂದರೆ ಸಾಮಾನ್ಯವಾಗಿ ಬಸ್ಸು ಸೀದಾ ಘಟ್ಟದ ಬುಡಕ್ಕೆ ಹೋಗಿ ನಿಲ್ಲುತ್ತದೆ. ಸುತ್ತಿಗೆ, ದಿಕ್ಸೂಚಿ, ಲೆನ್ಸು ಹಿಡಿದುಕೊಂಡು ಬಂಡೆ ಹತ್ತುವುದು, ಪದರದ ಓಲುವಿಕೆ ಅಳೆಯುವುದು, ಸಂಜೆಗೆ ಒಂದು ಚೀಲ ಕಲ್ಲು ಹೊತ್ತುಕೊಂಡು ಬರುವುದು. ಅಂಥ ಒಂದು ತಂಡದ ಜೊತೆ ಕೊಡಚಾದ್ರಿ ಕಡೆಗೆ ಹೋಗುವ ಅವಕಾಶ ಸಿಕ್ಕಿದಾಗ ಅವರ ಮೇಷ್ಟ್ರ ಹತ್ತಿರ ನಾನು ಒಂದೇ ಮಾತು ಕೇಳಿಕೊಂಡೆ: ಬೆಟ್ಟಕ್ಕೆ ಹೋಗುವ ಮೊದಲು ಒಂದು ಗಂಟೆ ಬಸ್ರೂರಿನಲ್ಲಿ ನಿಲ್ಲಿಸಿ, ಆದರೆ ಸುತ್ತಿಗೆ ಮಾತ್ರ ಬಸ್ಸಿನಲ್ಲೇ ಇರಲಿ.

ದೇವಸ್ಥಾನದ ಅಂಗಳದ ಶಾಸನದ ಮುಂದೆ ನಾನು ಎಂದಿನಂತೆ ಲಿಪಿ, ಅರಸ, ತೇದಿ ಅಂತ ಶುರುಮಾಡಿದೆ. ಕುಂದಾಪುರ ಕಡೆಯವನೇ ಆದ ಹುಡುಗನೊಬ್ಬ ಅಕ್ಷರ ನೋಡಲೇ ಇಲ್ಲ. ಕಲ್ಲಿನ ಅಂಚು ನೋಡುತ್ತಾ ಕೂತಿದ್ದ. ಆಮೇಲೆ ಕೇಳಿದ: "ಇದ್ ನಮ್ಮೂರ್ ಕಲ್ ಅಲ್ಲ ಅಲ್ದಾ ಸರ್?"

ಹೌದಲ್ಲ! ಎಷ್ಟೋ ವರ್ಷದಿಂದ ಶಾಸನ ಓದುತ್ತಿರುವ ನನಗೆ ಈ ಪ್ರಶ್ನೆ ಒಂದು ಸಲವೂ ಗಟ್ಟಿಯಾಗಿ ಹೊಳೆದಿರಲಿಲ್ಲ. ಅಂಗಳದ ಗೋಡೆ ಮುರಕಲ್ಲು, ಹೊರಗಿನ ಪಾಗಾರ ಮುರಕಲ್ಲು, ಬಾವಿಯ ಕಟ್ಟೆ ಮುರಕಲ್ಲು. ಶಾಸನ ಮಾತ್ರ ಕಣಶಿಲೆ. ನಾವು ವರದಿ ಬರೆಯುವಾಗ 'ಕಣಶಿಲೆಯಲ್ಲಿ ಕೊರೆಯಲಾದ ಈ ಶಾಸನ' ಅಂತ ಅರ್ಧ ಸಾಲು ಬರೆದು ಮುಂದೆ ಹೋಗುತ್ತೇವೆ. ಆ ಅರ್ಧ ಸಾಲಿನಲ್ಲಿ ಏನೇನಿದೆ, ಅದನ್ನು ಗಮನಿಸದಿದ್ದರೆ ಓದಿನಲ್ಲಿ ಎಲ್ಲೆಲ್ಲಿ ತಪ್ಪಾಗುತ್ತದೆ ಅನ್ನುವುದೇ ಈ ಬರಹದ ವಿಷಯ.

ಬಸ್ರೂರು ಮತ್ತು ಅದರ ಶಾಸನಗಳು

ವರಾಹಿ ಹೊಳೆಯ ದಡದ ಬಸ್ರೂರು ಇವತ್ತು ಕುಂದಾಪುರದ ಪಕ್ಕದ ಶಾಂತವಾದ ಊರು. ಒಂದು ಕಾಲಕ್ಕೆ ಪಶ್ಚಿಮ ಕರಾವಳಿಯ ದೊಡ್ಡ ಬಂದರುಗಳಲ್ಲಿ ಒಂದು. 14ನೇ ಶತಮಾನದಲ್ಲಿ ಈ ದಾರಿಯಾಗಿ ಹೋದ ಇಬ್ನ್ ಬತೂತ 'ಅಬು ಸರೂರ್' ಎಂದು ಕರೆದು, ದೊಡ್ಡ ಹಿನ್ನೀರಿನ ದಡದ, ತೆಂಗಿನ ಮರಗಳು ತುಂಬಿದ ಊರು ಎಂದು ಹೇಳಿದ್ದು ಇದನ್ನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಪೋರ್ಚುಗೀಸರ ದಾಖಲೆಗಳಲ್ಲಿ ಇದು ಬಾರ್ಸೆಲೋರ್. 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ದಾಳಿ ಮಾಡಿದ್ದೂ ಈ ಊರಿನ ಮೇಲೆಯೇ.

ಇಲ್ಲಿಯ ಶಾಸನಗಳಲ್ಲಿ ವಿಜಯನಗರ ಕಾಲದವು ಮುಖ್ಯ. ಮೂಡುಕೇರಿ, ಪಡುವಕೇರಿ ಎಂಬ ಎರಡು ಕೇರಿಗಳು, ಹಂಜಮಾನ, ನಖರ, ಸೆಟ್ಟಿಕಾರರು ಹೀಗೆ ವ್ಯಾಪಾರಿ ಸಂಘಗಳ ಹೆಸರುಗಳು ಅವುಗಳಲ್ಲಿ ಬರುತ್ತವೆ. ಕರಾವಳಿಯ ಆ ಕಾಲದ ಶಾಸನಗಳನ್ನು ನೋಡಿದವರಿಗೆ ಕಲ್ಲಿನ ಮೇಲ್ಭಾಗ ಪರಿಚಿತ: ನಡುವೆ ಶಿವಲಿಂಗ, ಅತ್ತಿತ್ತ ನಂದಾದೀಪ, ದನ-ಕರು, ರಾಜಕತ್ತಿ, ಮೇಲೆ ಸೂರ್ಯ-ಚಂದ್ರ.

ಒಂದು ಮಾತು ನೆನಪಿರಲಿ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕ ಹಳೆಯ ಮೈಸೂರು ಸಂಸ್ಥಾನ ಮತ್ತು ಕೊಡಗಿನದು. ದಕ್ಷಿಣ ಕನ್ನಡ ಆಗ ಮದ್ರಾಸು ಪ್ರಾಂತ್ಯದಲ್ಲಿತ್ತು. ಹಾಗಾಗಿ ಬಸ್ರೂರು, ಬಾರಕೂರುಗಳ ಶಾಸನಗಳನ್ನು ಹುಡುಕುವವರು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಸಂಪುಟಗಳನ್ನು, ಮುಖ್ಯವಾಗಿ 7 ಮತ್ತು 9ನ್ನು, ತೆಗೆಯಬೇಕು. ಅಲ್ಲಿ ಪ್ರತಿ ಪಾಠದ ಮೇಲೆ ಶಾಸನ ಎಲ್ಲಿದೆ ಅಂತ ಒಂದು ಸಾಲು ಇರುತ್ತದೆ: ಇಂಥ ದೇವಸ್ಥಾನದ ಅಂಗಳದಲ್ಲಿ ನಿಲ್ಲಿಸಿದ ಕಲ್ಲಿನ ಮೇಲೆ, ಅಷ್ಟೇ. ಹೆಚ್ಚಿನ ಕಡೆ ಯಾವ ಕಲ್ಲು ಅಂತ ಹೇಳಿರುವುದಿಲ್ಲ.

ಹುಟ್ಟಿದ ಕಲ್ಲು, ನೆಟ್ಟ ಕಲ್ಲು

ದಾನಶಾಸನಗಳ ಗಡಿ ವಿವರ ಓದಿದವರಿಗೆ ಎರಡು ಪದಗಳು ಗೊತ್ತು. ಭೂಮಿಯಲ್ಲೇ ಇರುವ ಬಂಡೆ 'ಹುಟ್ಟುಗಲ್ಲು'. ತಂದು ನೆಟ್ಟದ್ದು 'ನಟ್ಟಗಲ್ಲು'. ಮೂಡಣ ದಿಕ್ಕಿಗೆ ಹುಟ್ಟುಗಲ್ಲು, ತೆಂಕಣ ದಿಕ್ಕಿಗೆ ನಟ್ಟಗಲ್ಲು ಅಂತ ಗಡಿ ಹೇಳುವಾಗ ಅವರಿಗೆ ಈ ವ್ಯತ್ಯಾಸ ಬಹಳ ಮುಖ್ಯ. ನೆಟ್ಟ ಕಲ್ಲನ್ನು ರಾತ್ರೋರಾತ್ರಿ ಸರಿಸಬಹುದು, ಹುಟ್ಟಿದ್ದನ್ನು ಆಗುವುದಿಲ್ಲ.

ಭೂವಿಜ್ಞಾನದ ವಿದ್ಯಾರ್ಥಿಗೆ ಕ್ಷೇತ್ರದ ಮೊದಲ ದಿನ ಕಲಿಸುವುದೂ ಇದನ್ನೇ. ಕಣ್ಣಿಗೆ ಕಂಡ ಕಲ್ಲು ನೆಲದ ಬಂಡೆಯ ಭಾಗವೋ, ಬೇರೆ ಕಡೆಯಿಂದ ಉರುಳಿ ಬಂದದ್ದೋ? ಇದು ಗೊತ್ತಾಗದೆ ನಕ್ಷೆ ಬರೆಯಬಾರದು.

ಶಾಸನಗಳಲ್ಲೂ ಈ ಎರಡು ಬಗೆ ಇವೆ. ಬ್ರಹ್ಮಗಿರಿ, ಜಟಿಂಗ ರಾಮೇಶ್ವರ, ಮಸ್ಕಿಯ ಅಶೋಕನ ಶಾಸನಗಳು ಹುಟ್ಟುಗಲ್ಲಿನವು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವೂ ಬೆಟ್ಟದ ಗೋಡೆಯ ಮೇಲೇ ಇದೆ. ಹುಟ್ಟುಗಲ್ಲಿನ ಶಾಸನಕ್ಕೆ ಕಲ್ಲು ಆಯ್ಕೆ ಮಾಡುವುದು ಅಂದರೆ ಜಾಗ ಆಯ್ಕೆ ಮಾಡುವುದು. ಬಸ್ರೂರಿನಂಥ ಊರಿನ ಶಾಸನ ನಟ್ಟಗಲ್ಲು. ಇಲ್ಲಿ ಜಾಗ ಮೊದಲೇ ಗೊತ್ತಾಗಿದೆ, ಕಲ್ಲನ್ನು ಆರಿಸಿ ತರಬೇಕು. ಹಾಗಾದರೆ ಏನನ್ನು ಬಿಟ್ಟು ಏನನ್ನು ಆರಿಸಿದರು?

ಕಾಲಡಿಯ ಕಲ್ಲು

ಬಿಟ್ಟದ್ದು ಮುರಕಲ್ಲನ್ನು. ಕೆಂಪುಕಲ್ಲು, ಜಂಬಿಟ್ಟಿಗೆ ಅಂತಲೂ ಕರೆಯುವ ಇದಕ್ಕೆ ಭೂವಿಜ್ಞಾನದ ಹೆಸರು ಲ್ಯಾಟರೈಟ್. ಈ ಹೆಸರಿನ ಕತೆ ಕರಾವಳಿಯವರು ತಿಳಿದಿರಬೇಕಾದದ್ದು. ಟಿಪ್ಪುವಿನ ಪತನದ ನಂತರ ಕಂಪನಿ ಸರಕಾರದ ಆದೇಶದ ಮೇರೆಗೆ 1800-01ರಲ್ಲಿ ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಡಿಪುರದಲ್ಲಿ ಈ ಕಲ್ಲನ್ನು ವಿವರವಾಗಿ ನೋಡಿದ. ನೆಲದಲ್ಲಿರುವಾಗ ಮೆದು, ಕಬ್ಬಿಣದ ಹತಾರಿನಿಂದ ಚೌಕವಾಗಿ ಕಡಿಯಬಹುದು, ಗಾಳಿಗೆ ಬಿದ್ದ ಮೇಲೆ ಇಟ್ಟಿಗೆಯ ಹಾಗೆ ಗಟ್ಟಿ. ಇಲ್ಲಿಯವರು ಇದನ್ನು 'ಇಟ್ಟಿಗೆಕಲ್ಲು' ಅನ್ನುತ್ತಾರೆ ಅಂತ ಬರೆದುಕೊಂಡ ಅವನು, ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬರ್ಥದ ಪದದಿಂದ ಲ್ಯಾಟರೈಟ್ ಅಂತ ಹೆಸರಿಟ್ಟ. ಅವನ ಪ್ರವಾಸಕಥನ 1807ರಲ್ಲಿ ಅಚ್ಚಾಯಿತು. ಇವತ್ತು ಬ್ರೆಜಿಲ್‌ನಿಂದ ಆಫ್ರಿಕದವರೆಗೆ ಈ ಬಗೆಯ ಕಲ್ಲಿಗೆಲ್ಲ ಇದೇ ಹೆಸರು. ನಮ್ಮ ಜನರ ಮಾತೇ ಲ್ಯಾಟಿನ್ ವೇಷದಲ್ಲಿ ಲೋಕ ಸುತ್ತುತ್ತಿದೆ. ಅಂಗಡಿಪುರದಿಂದ ಮುಂದೆ ಬುಕಾನನ್ 1801ರ ಆರಂಭದಲ್ಲಿ ಕುಂದಾಪುರದ ದಾರಿಯಾಗಿಯೇ ಉತ್ತರಕ್ಕೆ ಹೋದ.

ಮುರಕಲ್ಲು ಹುಟ್ಟುವುದು ಮಳೆಯಿಂದ. ಬಿಸಿಲು-ಮಳೆ ಎರಡೂ ಜೋರಾಗಿರುವ ಕಡೆ ಕೆಳಗಿನ ಮೂಲಶಿಲೆ ಕೊಳೆಯುತ್ತದೆ. ಕರಗುವ ಅಂಶ ನೀರಿನಲ್ಲಿ ಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂನ ಆಕ್ಸೈಡುಗಳು ಉಳಿದು ಗಟ್ಟಿಯಾಗುತ್ತವೆ. ನಮ್ಮ ಕಡೆ ಬಾವಿ ತೋಡಿದವರಿಗೆ ಅದರ ಅನುಕ್ರಮ ಬಾಯಿಪಾಠ: ಮೇಲೆ ಮುರಕಲ್ಲು, ಅದರಡಿ ಬಿಳಿ-ಗುಲಾಬಿ ಶೇಡಿಮಣ್ಣು, ಅದರಡಿ ಶಿಲೆ. ಆ ಶೇಡಿಮಣ್ಣು ಕೊಳೆತ ಶಿಲೆಯೇ. ಅಂದರೆ ಬಸ್ರೂರಿನಲ್ಲೂ ಆಳದಲ್ಲಿ ಕಣಶಿಲೆಯ ಬಳಗದ ಕಲ್ಲೇ ಇದೆ, ಆದರೆ ಅದು ಕೈಗೆ ಸಿಗುವ ಎತ್ತರದಲ್ಲಿ ಎಲ್ಲ ಕಡೆ ಇಲ್ಲ.

ಮನೆ, ಕೋಟೆ, ದೇವಸ್ಥಾನದ ಪಾಗಾರಕ್ಕೆ ಮುರಕಲ್ಲಿನಂಥ ವಸ್ತು ಬೇರೆ ಇಲ್ಲ. ಅಕ್ಷರಕ್ಕೆ ಮಾತ್ರ ಆಗುವುದಿಲ್ಲ. ಮೈತುಂಬ ತೂತು, ಹುಳ ತಿಂದ ಮರದ ಹಾಗೆ. ಒಂದು ಕಡೆ ಕಬ್ಬಿಣದ ಗಂಟು, ಪಕ್ಕದಲ್ಲೇ ಮೆದು ಮಣ್ಣು. ಎರಡು ಬೆರಳಿನಷ್ಟು ಅಕ್ಷರದ ಕೊಂಬು-ತಲೆಕಟ್ಟು ಅದರಲ್ಲಿ ನಿಲ್ಲುವುದಿಲ್ಲ. ದೊಡ್ಡ ಗೆರೆಗಳ ಚಿತ್ರಕ್ಕಾದರೆ ಅಡ್ಡಿಯಿಲ್ಲ. ಗೋವಾದ ಉಸಗಾಳಿಮಳದಲ್ಲಿ, ರತ್ನಾಗಿರಿಯ ಬಯಲುಗಳಲ್ಲಿ ಇತಿಹಾಸಪೂರ್ವದವರು ಮುರಕಲ್ಲಿನ ಹಾಸಿನ ಮೇಲೇ ಪ್ರಾಣಿಗಳ ದೊಡ್ಡ ದೊಡ್ಡ ಚಿತ್ರ ಕೊರೆದಿದ್ದಾರೆ. ಹಳೆಯ ಕುಂದಾಪುರ ತಾಲೂಕಿನ ಅವಲಕ್ಕಿ ಪಾರೆಯ ರೇಖಾಚಿತ್ರಗಳನ್ನು ಪ್ರೊ. ಟಿ. ಮುರುಗೇಶಿ ಬೆಳಕಿಗೆ ತಂದಾಗ, ಈ ಸೀಮೆಯಲ್ಲಿ ಕಲ್ಲು ಕೊರೆಯುವ ಪರಿಪಾಠ ಅಕ್ಷರಕ್ಕಿಂತ ಎಷ್ಟೋ ಹಿಂದಿನದು ಅನ್ನುವುದು ಗೊತ್ತಾಯಿತು.

ಬೆಟ್ಟದಲ್ಲಿ ಸಿಗುವ ಕಲ್ಲುಗಳು

ಬಸ್ರೂರಿನಿಂದ ವರಾಹಿಯ ಎದುರು ದಿಕ್ಕಿಗೆ ಹೊರಟರೆ ಹಾಲಾಡಿ, ಶಂಕರನಾರಾಯಣ, ಸಿದ್ದಾಪುರ, ಹೊಸಂಗಡಿ. ಅಲ್ಲಿಂದ ಬಾಳೆಬರೆ ಘಾಟಿ ಹತ್ತಿದರೆ ಕೆಳದಿ ಅರಸರ ಬಿದನೂರು, ಅಂದರೆ ಇವತ್ತಿನ ನಗರ. ಕಡಲಿಗೂ ಘಟ್ಟದ ಮೇಲಿನ ರಾಜಧಾನಿಗೂ ನಡುವಿನ ದಾರಿ ಇದು. ಕೊಡಚಾದ್ರಿಗೆ ಹೋಗಲು ಕೊಲ್ಲೂರಿನ ಕಡೆಯಿಂದಲೂ ದಾರಿಯುಂಟು. ಯಾವ ದಾರಿಯಲ್ಲಿ ಹೋದರೂ ಒಳನಾಡಿಗೆ ಸರಿದಂತೆ ಮುರಕಲ್ಲಿನ ಹೊದಿಕೆ ಹರಿದು ಹೊಳೆಪಾತ್ರಗಳಲ್ಲಿ, ಗುಡ್ಡೆಗಳ ಬುಡದಲ್ಲಿ ಕೆಳಗಿನ ಕಲ್ಲು ಮುಖ ತೋರಿಸುತ್ತದೆ. ವಿದ್ಯಾರ್ಥಿಗಳು ಪುಸ್ತಕಕ್ಕೆ ಬರೆದುಕೊಳ್ಳುವ ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ.

ಮೊದಲನೆಯದು ನೈಸ್. ಕಪ್ಪು-ಬಿಳಿ ಪಟ್ಟೆ ಇರುವ, ಹಿಂಡಿ ಮಡಚಿದಂಥ ಕಲ್ಲು. ದಕ್ಷಿಣ ಭಾರತದ ತಳಪಾಯವೇ ಇದು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಇದರ ಪ್ರಸಿದ್ಧ ಉದಾಹರಣೆ, ವಯಸ್ಸು ಸುಮಾರು 300 ಕೋಟಿ ವರ್ಷ. ಹಾಸನದ ಗೊರೂರು ಕಡೆಯ ನೈಸ್ ಇನ್ನೂ ಹಳೆಯದು, ಸುಮಾರು 330 ಕೋಟಿ ವರ್ಷ.

ಎರಡನೆಯದು ಗ್ರಾನೈಟ್. ನೈಸಿನೊಳಗೆ ನುಗ್ಗಿ ತಣಿದ ಶಿಲಾಪಾಕ. ಪಟ್ಟೆ ಇಲ್ಲ. ಬೆಣಚು, ಫೆಲ್ಡ್‌ಸ್ಪಾರ್, ಕರಿ ಕಾಗೆಬಂಗಾರದ ಕಣಗಳು ಎಲ್ಲ ದಿಕ್ಕಿಗೂ ಒಂದೇ ತೆರನಾಗಿ ಹರಡಿರುತ್ತವೆ. ನಾವು ಕಣಶಿಲೆ ಅನ್ನುವಾಗ ನೈಸ್, ಗ್ರಾನೈಟ್ ಎರಡನ್ನೂ ಒಟ್ಟಿಗೆ ಹೇಳಿಬಿಡುತ್ತೇವೆ. ಅದರಿಂದ ಆಗುವ ತೊಂದರೆ ಮುಂದೆ ನೋಡೋಣ.

ಮೂರನೆಯದು ಡೈಕ್. ಹಳೆಯ ಶಿಲೆಯ ಬಿರುಕಿನಲ್ಲಿ ಏರಿ ಗಟ್ಟಿಯಾದ ಕಪ್ಪು ಕಲ್ಲಿನ ಗೋಡೆ.

ನಾಲ್ಕನೆಯದು ಧಾರವಾಡ ಶಿಲಾವರ್ಗ. 1880ರ ದಶಕದಲ್ಲಿ ಇದಕ್ಕೆ ಧಾರವಾಡದ ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫೂಟ್. ಹಳೆ ಶಿಲಾಯುಗದ ಕಲ್ಲುಕೊಡಲಿಯನ್ನು 1863ರಲ್ಲಿ ಪಲ್ಲಾವರಂನಲ್ಲಿ ಗುರುತಿಸಿದ ಭೂವಿಜ್ಞಾನಿಯೂ ಅವರೇ. 1,343 ಮೀಟರ್ ಎತ್ತರದ ಕೊಡಚಾದ್ರಿಯ ಮೇಲ್ಭಾಗದಲ್ಲಿ ಈ ವರ್ಗದ ಪಟ್ಟೆ ಕಬ್ಬಿಣಶಿಲೆ ಸಿಗುತ್ತದೆ. ಸಮುದ್ರದ ತಳದಲ್ಲಿ ಕಬ್ಬಿಣ ಮತ್ತು ಸಿಲಿಕ ಪದರ ಪದರವಾಗಿ ಕೂತು ಆದದ್ದು, 250 ಕೋಟಿ ವರ್ಷಕ್ಕೂ ಹಳೆಯದು. 2005ರ ಕೊನೆಯವರೆಗೆ ಗಣಿಗಾರಿಕೆ ನಡೆದ ಕುದುರೆಮುಖದ ಅದಿರೂ ಇದೇ ಬಳಗದ್ದು.

ಇವೆಲ್ಲದರ ಮುಂದೆ ಮಲ್ಪೆ ಎದುರಿನ ಸೈಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ನಿನ್ನೆ ಮೊನ್ನೆಯವು. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ ಲಾವಾ ಅದು, ವಯಸ್ಸು 9 ಕೋಟಿ ವರ್ಷದ ಆಸುಪಾಸು.

ಈ ಪಟ್ಟಿಯಲ್ಲಿ ಶಾಸನಕ್ಕೆ ಯಾವುದು ಆಗುತ್ತದೆ? ಕಬ್ಬಿಣಶಿಲೆ ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ, ಅದರ ಬೆಣಚಿನ ಪದರಕ್ಕೆ ಉಳಿ ನಾಟುವುದಿಲ್ಲ. ಡೈಕಿನ ಕಲ್ಲು ಬಿರುಕುಗಳಿಂದ ತುಂಡಾಗಿರುವುದೇ ಹೆಚ್ಚು, ಆಳೆತ್ತರದ ಚಪ್ಪಡಿ ಸಿಗುವುದು ಕಷ್ಟ. ಉಳಿದದ್ದು ಕಣಶಿಲೆ. ಹೆಚ್ಚು ಬಿರುಕಿಲ್ಲದೆ ದೊಡ್ಡ ಹಾಸಾಗಿ ಸಿಗುತ್ತದೆ, ಬೆಣೆ ಹೊಡೆದರೆ ನೇರ ಸೀಳುತ್ತದೆ, ಮಳೆಗೆ ಬೇಗ ಸವೆಯುವುದಿಲ್ಲ.

ಕಲ್ಲು ಹೇಗೋ ಅಕ್ಷರ ಹಾಗೆ

ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಪಟ್ಟಿ ಇದೆ. ಬಳಪದ ಕಲ್ಲಿನಲ್ಲಿರುವ ಟಾಲ್ಕ್ 1, ಫೆಲ್ಡ್‌ಸ್ಪಾರ್ 6, ಬೆಣಚು 7. ಹದ ಮಾಡಿದ ಉಕ್ಕಿನ ಉಳಿಯ ಮೊನೆಯೂ ಬೆಣಚಿಗಿಂತ ಕಡಿಮೆ. ಹಾಗಾಗಿ ಕಣಶಿಲೆಯನ್ನು ಉಳಿಯಿಂದ 'ಕತ್ತರಿಸಲು' ಆಗುವುದಿಲ್ಲ. ಮೊನೆಯನ್ನು ನೆಟ್ಟಗೆ ಹಿಡಿದು ಚುಕ್ಕಿ ಚುಕ್ಕಿಯಾಗಿ ಕುಟ್ಟಿ, ಕಣಗಳನ್ನು ಪುಡಿಮಾಡುತ್ತಾ ಗೆರೆ ಎಳೆಯಬೇಕು. ಪ್ರತಿ ಸಾಲೂ ನೂರಾರು ಚುಕ್ಕಿಗಳ ಸಾಲು. ಮೊನೆ ಮೊಂಡಾದಂತೆ ಕುಲುಮೆಗೆ ಕಳಿಸಿ ಮತ್ತೆ ಮತ್ತೆ ಹದ ಮಾಡಿಸಬೇಕು.

ಬೇರೆ ಕಡೆಯ ಶಾಸನಗಳ ಜೊತೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಬಾದಾಮಿಯ ಮರಳುಗಲ್ಲಿನಲ್ಲಿ ಗೆರೆ ಹರಿತವಾಗಿ ಬರುತ್ತದೆ. ಹಳೇಬೀಡಿನ ಬಳಪದ ಕಲ್ಲಿನಲ್ಲಿ ಅಕ್ಷರ ಓಲೆಗರಿಯಲ್ಲಿ ಬರೆದಷ್ಟು ಸಣ್ಣ, ಒತ್ತೊತ್ತಾಗಿ, ಬಳ್ಳಿ-ಹೂವಿನ ಅಲಂಕಾರ ಸಮೇತ ಬರುತ್ತದೆ. ಕರಾವಳಿಯ ಕಣಶಿಲೆಯಲ್ಲಿ ಅಕ್ಷರ ದಪ್ಪ, ಗೆರೆಯ ತಳ ಒರಟು, ಅಲಂಕಾರ ಕಡಿಮೆ. ಇದನ್ನು ನೋಡಿ 'ಲಿಪಿಕಾರನಿಗೆ ಕೌಶಲ ಸಾಲದು' ಅಂತಲೋ 'ಲಿಪಿ ಇಳಿಗಾಲದ್ದು' ಅಂತಲೋ ತೀರ್ಮಾನಿಸುವ ಮೊದಲು ಕಲ್ಲು ಯಾವುದು ಅಂತ ಕೇಳಿಕೊಳ್ಳಬೇಕು. ಲಿಪಿಯ ಸ್ವರೂಪ ನೋಡಿ ಕಾಲ ಹೇಳುವಾಗ ಬಳಪದ ಕಲ್ಲಿನ ಅಕ್ಷರವನ್ನೂ ಕಣಶಿಲೆಯ ಅಕ್ಷರವನ್ನೂ ಪಕ್ಕಪಕ್ಕ ಇಟ್ಟು ತೂಗಿದರೆ ಲೆಕ್ಕ ತಪ್ಪುತ್ತದೆ.

ಓದಿನಲ್ಲಿ ಕಲ್ಲು ಮಾಡುವ ಮೋಸ

ಈಗ ಶಾಸನ ಓದುವವರಿಗೆ ನಿಜಕ್ಕೂ ಬಿಸಿ ಮುಟ್ಟುವ ವಿಷಯಕ್ಕೆ ಬರೋಣ. ನಾನೂ ಆ ದಿನ ವಿದ್ಯಾರ್ಥಿಗಳಿಂದಲೇ ಕಲಿತದ್ದು ಇದು.

ಕಣಶಿಲೆಯ ಕಣಗಳು ಒಂದೇ ವೇಗದಲ್ಲಿ ಸವೆಯುವುದಿಲ್ಲ. ಕರಿ ಕಾಗೆಬಂಗಾರ ಮೊದಲು ಕೊಳೆತು ಉದುರುತ್ತದೆ, ಫೆಲ್ಡ್‌ಸ್ಪಾರ್ ನಿಧಾನಕ್ಕೆ ಜೇಡಿಯಾಗುತ್ತದೆ, ಬೆಣಚು ಹಾಗೇ ಉಳಿಯುತ್ತದೆ. ಕಣ ಉದುರಿದ ಕಡೆ ಒಂದು ಸಣ್ಣ ಕುಳಿ. ಕನ್ನಡದಲ್ಲಿ ಸೊನ್ನೆಯೂ ದುಂಡಗೆ, ಅನುಸ್ವಾರವೂ ದುಂಡಗೆ. ಅಚ್ಚು ತೆಗೆಯುವಾಗ ಒದ್ದೆ ಕಾಗದವನ್ನು ಬ್ರಷ್ಷಿನಲ್ಲಿ ಬಡಿದು ಮಸಿ ಹಚ್ಚಿದರೆ ಉಳಿಯ ಚುಕ್ಕಿಯೂ ಬಿಳಿ, ಸವೆತದ ಕುಳಿಯೂ ಬಿಳಿ. ಮನೆಯಲ್ಲಿ ಕೂತು ಅಚ್ಚು ಓದುವವನಿಗೆ ವ್ಯತ್ಯಾಸ ಗೊತ್ತಾಗುವುದು ಹೇಗೆ?

ಉದಾಹರಣೆಗೆ, ದೇವರ ನೈವೇದ್ಯಕ್ಕೆ ಬಿಟ್ಟ ಕಾಟಿ ಗದ್ಯಾಣ ೧ ಅಂತ ಇದ್ದ ಕಡೆ ಪಕ್ಕದ ಕುಳಿಯೊಂದನ್ನು ಸೇರಿಸಿಕೊಂಡು ೧೦ ಅಂತ ಓದಿದೆವು ಅಂದುಕೊಳ್ಳಿ. ದಾನ ಹತ್ತು ಪಟ್ಟು ಬೆಳೆಯಿತು! ಶಕವರ್ಷದಲ್ಲಿ ಇಂಥ ತಪ್ಪಾದರೆ ಸಂವತ್ಸರದ ಹೆಸರು, ತಿಥಿ, ವಾರ ಸೇರಿ ನಮ್ಮನ್ನು ಹಿಡಿದುಹಾಕುತ್ತವೆ. ಹಣದ ಮೊತ್ತಕ್ಕೆ, ಅಕ್ಕಿಯ ಮೂಡೆಗಳ ಲೆಕ್ಕಕ್ಕೆ ಅಂಥ ಕಾವಲು ಹೆಚ್ಚಿನ ಕಡೆ ಇರುವುದಿಲ್ಲ. ಬಂದರು ಊರಿನ ವ್ಯಾಪಾರದ ಪ್ರಮಾಣವನ್ನು ಇಂಥ ಅಂಕಿಗಳಿಂದಲೇ ನಾವು ಊಹಿಸುವುದಲ್ಲವೇ?

ಪರೀಕ್ಷೆ ಕಷ್ಟವಿಲ್ಲ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೆನ್ಸಿನಲ್ಲಿ ನೋಡಿದರೆ ಸವೆತದ ಕುಳಿಯ ಅಂಚು ಕಣದ ಆಕಾರದಲ್ಲೇ ಮೂಲೆ ಮೂಲೆಯಾಗಿ ಇರುತ್ತದೆ. ಉಳಿಯ ಚುಕ್ಕಿಯಲ್ಲಿ ಕಣಗಳು ಅರ್ಧಕ್ಕೆ ಒಡೆದಿರುತ್ತವೆ, ಆಳ ಪಕ್ಕದ ಗೆರೆಯಷ್ಟೇ ಇರುತ್ತದೆ. ಇನ್ನೂ ಸುಲಭದ ದಾರಿ: ಅಕ್ಷರ ಇಲ್ಲದ ಅಂಚನ್ನೂ ಬೆನ್ನನ್ನೂ ನೋಡಿ. ಅಲ್ಲೂ ಅದೇ ಗಾತ್ರದ ಕುಳಿಗಳು ಚದುರಿದ್ದರೆ ನಿಮ್ಮ ಅನುಸ್ವಾರದ ಬಗ್ಗೆ ಸಂಶಯ ಇಟ್ಟುಕೊಳ್ಳಿ.

ಎರಡನೆಯ ಮೋಸ ಬೆಣಚಿನ ಎಳೆಗಳದ್ದು. ಕಲ್ಲಿಗೆ ಅಡ್ಡಲಾಗಿ ಬಿಳಿ ಬೆಣಚಿನ ಎಳೆ ಹಾದಿದ್ದರೆ ಕೊರೆಯುವವನು ಅದನ್ನು ಬಿಟ್ಟು ಆಚೆಯಿಂದ ಬರವಣಿಗೆ ಮುಂದುವರಿಸಿರಬಹುದು. ಅಚ್ಚಿನಲ್ಲಿ ಅಲ್ಲಿ ಬರಿದು ಜಾಗ ಕಾಣುತ್ತದೆ. ಸಂಪಾದಕರು ಎರಡು ಅಕ್ಷರ ನಷ್ಟವಾಗಿದೆ ಅಂತ ಚುಕ್ಕಿ ಹಾಕುತ್ತಾರೆ. ಇಲ್ಲದ ಅಕ್ಷರವನ್ನು ತುಂಬಲು ನಾವು ಪಂಡಿತರು ತಲೆ ಕೆಡಿಸಿಕೊಳ್ಳುತ್ತೇವೆ.

ಮೂರನೆಯದಕ್ಕೆ ನೈಸ್-ಗ್ರಾನೈಟ್ ಭೇದ ಬೇಕು. ನೈಸ್ ಚಪ್ಪಡಿಯನ್ನು ಪಟ್ಟೆಯ ಉದ್ದಕ್ಕೆ ಸೀಳಿ ತೆಗೆದಿದ್ದರೆ ಅದರ ಮುಖ ಹಪ್ಪಳದಂತೆ ಚಕ್ಕೆ ಏಳುತ್ತದೆ. ಹೋಗುವಾಗ ನಾಲ್ಕೈದು ಸಾಲು ಒಟ್ಟಿಗೆ ಹೋಗುತ್ತದೆ. ಗ್ರಾನೈಟ್ ಹಾಗಲ್ಲ, ಕಣಕಣವಾಗಿ ಸವೆಯುತ್ತದೆ. ಅಕ್ಷರ ಮಸುಕಾದರೂ ಬುಡ ಉಳಿದಿರುತ್ತದೆ, ರಾತ್ರಿ ಟಾರ್ಚನ್ನು ಓರೆಯಾಗಿ ಹಿಡಿದರೆ ಮತ್ತೆ ಕಾಣುತ್ತದೆ. ಯಾವ ಶಾಸನಕ್ಕೆ ತುರ್ತಾಗಿ ಅಚ್ಚು ತೆಗೆಸಬೇಕು, ಯಾವುದು ಇನ್ನಷ್ಟು ಕಾಲ ತಡೆದೀತು ಅನ್ನುವುದನ್ನು ಈ ಒಂದು ಭೇದ ಹೇಳುತ್ತದೆ. ಚಕ್ಕೆ ಎದ್ದ ನೈಸಿಗೆ ಬ್ರಷ್ಷಿನ ಬಡಿತವೇ ಅಪಾಯ, ಅಂಥದ್ದಕ್ಕೆ ಫೋಟೋ ತೆಗೆಯುವುದೇ ಕ್ಷೇಮ.

ನಾಲ್ಕನೆಯದು ನೀರು-ಉಪ್ಪು. ವರಾಹಿಯಲ್ಲಿ ಬಸ್ರೂರಿನವರೆಗೂ ಕಡಲಿನ ಏರಿಳಿತ ಇದೆ, ಮಳೆಯೋ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್. ನೆಲದ ತೇವ ಕಲ್ಲಿನ ಬುಡಕ್ಕೆ ಏರಿ ಆರುವಾಗ ಉಪ್ಪಿನ ಹರಳು ಕಣಗಳ ನಡುವೆ ಬೆಳೆದು ಅವನ್ನು ಸಡಿಲಿಸುತ್ತದೆ. ಮೊದಲು ಹೋಗುವುದು ಕೊನೆಯ ಸಾಲುಗಳು. ಶಾಪಾಶಯ, ಸಾಕ್ಷಿಗಳ ಹೆಸರು, ಬರೆದವನ ಹೆಸರು ಇರುವುದು ಅಲ್ಲೇ. ಕಲ್ಲುಕುಟಿಗನ ಹೆಸರು ನಮಗೆ ಸಿಗುವುದು ಅಪರೂಪವಾದದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಎಲ್ಲಿಂದ ಬಂತು?

ಹುಡುಗನ ಪ್ರಶ್ನೆಗೆ ಮರಳೋಣ. 6 ಅಡಿ ಎತ್ತರ, ಎರಡೂವರೆ ಅಡಿ ಅಗಲ, ಅರ್ಧ ಅಡಿ ದಪ್ಪದ ಕಣಶಿಲೆಯ ಚಪ್ಪಡಿ ತೂಗುವುದು ಸುಮಾರು 570 ಕಿಲೋ. ಇದನ್ನು ಗದ್ದೆ-ತೋಡು ದಾಟಿಸಿ ಹೊತ್ತು ತರುವುದು ಸುಲಭದ ಮಾತಲ್ಲ. ಹೊಳೆಯ ದಾರಿ ಇದ್ದ ಕಡೆ ದೋಣಿ ಸಹಜವಾದ ಆಯ್ಕೆ. ಹಾಗಾಗಿ ಹುಡುಕಾಟ ಶುರುಮಾಡಬೇಕಾದದ್ದು ವರಾಹಿ ಮತ್ತು ಅದರ ಜೊತೆ ಕಡಲು ಸೇರುವ ಹೊಳೆಗಳ ದಡದ ಪಾರೆಗಳಲ್ಲಿ.

ಹಳೆಯ ಕೋರೆಯ ಗುರುತು ಬಂಡೆಯ ಮೇಲೆ ಉಳಿದಿರುತ್ತದೆ. ಸಾಲಾಗಿ ಚೌಕ ಕುಳಿ ಹೊಡೆದು, ಕಬ್ಬಿಣದ ಬೆಣೆ ಇಟ್ಟು, ಸರದಿಯಂತೆ ಬಡಿದು ಸೀಳುವ ಕ್ರಮದ ಅರ್ಧ ಕುಳಿಗಳು ಬಂಡೆಯ ಮೇಲೂ ಇರುತ್ತವೆ, ಶಾಸನದ ಪಕ್ಕದ ಅಂಚಿನಲ್ಲೂ ಇರಬಹುದು. ಎರಡರ ಅಳತೆ, ಅಂತರ ಹೋಲಿಸಬಹುದು. ಉದ್ದನೆಯ ಅರ್ಧಕೊಳವೆಯಂಥ ಗೀರು ಕಂಡರೆ ಅದು ಇತ್ತೀಚಿನ ಯಂತ್ರದ ಡ್ರಿಲ್ಲಿನದು. ಕಲ್ಲಿನ ಬಣ್ಣ, ಕಣದ ಗಾತ್ರ, ಫೆಲ್ಡ್‌ಸ್ಪಾರ್ ಬಿಳಿಯೋ ಗುಲಾಬಿಯೋ, ಕರಿ ಕಣ ಎಷ್ಟು ಅನ್ನುವುದನ್ನೂ ತಾಳೆ ನೋಡಬಹುದು. ಶಾಸನಕ್ಕೆ ಗಾಯ ಮಾಡದೆ ಕಾಂತಗುಣ ಅಳೆಯುವ, ಮೂಲಧಾತುಗಳನ್ನು ಗುರುತಿಸುವ ಕೈಯಲ್ಲಿ ಹಿಡಿಯುವ ಯಂತ್ರಗಳು ಈಗ ಇವೆ. ಬಂಡೆಯ ಕಡೆಯಿಂದ ಮಾತ್ರ ಚೂರು ತೆಗೆದು 0.03 ಮಿಲಿಮೀಟರ್ ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡಬಹುದು.

ಹೀಗೆ ಒಂದು ಊರಿನ ಶಾಸನಗಳೆಲ್ಲ ಒಂದೇ ಪಾರೆಯವು ಅಂತಾದರೆ ಅಲ್ಲೊಂದು ಖಾಯಂ ಕೋರೆ, ಕಲ್ಲುಕುಟಿಗರ ನೆಲೆ ಇತ್ತು ಅನ್ನಬಹುದು. ಬೇರೆ ಬೇರೆ ಪಾರೆಯವು ಅಂತಾದರೆ ದಾನ ಕೊಟ್ಟವರು ತಮ್ಮ ತಮ್ಮ ಕಡೆಯಿಂದ ಕಲ್ಲು ತರಿಸಿದರು ಅನ್ನಬಹುದು. ಬಂದರು ಊರಿನ ಒಳನಾಡಿನ ಸಂಬಂಧಕ್ಕೆ ಅಕ್ಷರದಲ್ಲಿ ಸಿಗದ ಸಾಕ್ಷಿ ಅದು. ಒಂದು ಸಂಗತಿ ಮಾತ್ರ ಈಗಲೇ ಸ್ಪಷ್ಟ: ಗೋಡೆಗೆ ಕಾಲಡಿಯ ಕಲ್ಲು ಸಾಕು ಅಂದವರು, ಆಚಂದ್ರಾರ್ಕ ನಡೆಯಬೇಕಾದ ಮಾತಿಗೆ ಅದು ಸಾಲದು ಅಂದುಕೊಂಡರು. ಖರ್ಚು ಮಾಡಿ ಗಟ್ಟಿ ಕಲ್ಲು ತಂದರು.

ಯಾಕೆ ಈಗಲೇ

ಈ ತಾಳೆ ನೋಡುವ ಅವಕಾಶ ಎರಡೂ ಕಡೆಯಿಂದ ಕರಗುತ್ತಿದೆ. ಒಂದು ಕಡೆ ಹುಟ್ಟುಗಲ್ಲು ಹೋಗುತ್ತಿದೆ. ಶಿಲೆಕಲ್ಲಿನ ಪಾರೆಗಳು ಜಲ್ಲಿಯಾಗಿ ರಸ್ತೆಗೆ ಬೀಳುತ್ತಿವೆ. ಬೆಣೆಕುಳಿ ಇದ್ದ ಬಂಡೆ ಕ್ರಷರಿಗೆ ಹೋದ ಮೇಲೆ ಹಳೆಯ ಕೋರೆಯನ್ನು ಇನ್ನೆಲ್ಲಿ ಹುಡುಕುವುದು? ಇನ್ನೊಂದು ಕಡೆ ನಟ್ಟಗಲ್ಲು ಕೆಡುತ್ತಿದೆ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಶಾಸನದ ಬುಡವನ್ನು ಸಿಮೆಂಟಿನಲ್ಲಿ ಹೂತರೆ ಕೊನೆಯ ಮೂರು ಸಾಲು ಮುಚ್ಚಿಹೋಗುತ್ತದೆ, ಉಪ್ಪು ಮತ್ತಷ್ಟು ಮೇಲೇರುತ್ತದೆ. ಎಣ್ಣೆಬಣ್ಣ ಬಳಿದರೆ ಗೆರೆಯ ತಳ ತುಂಬುತ್ತದೆ. ಚಂದ ಕಾಣಲಿ ಅಂತ ಮರಳು ಹಾರಿಸುವ ಯಂತ್ರದಲ್ಲಿ ತೊಳೆದರೆ ಆರು ನೂರು ವರ್ಷದ ಮಳೆ ಮಾಡದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಇದನ್ನೆಲ್ಲ ಕೆಟ್ಟ ಮನಸ್ಸಿನಿಂದ ಯಾರೂ ಮಾಡುವುದಿಲ್ಲ, ಕಲ್ಲಿಗೆ ಏನೂ ಆಗುವುದಿಲ್ಲ ಎಂಬ ನಂಬಿಕೆಯಿಂದ ಮಾಡುತ್ತಾರೆ.

ಹಾಗಾಗಿ ಮುಂದಿನ ಸಲ ಶಾಸನದ ಮುಂದೆ ನಿಂತಾಗ ಪಾಠ, ಅಳತೆಗಳ ಜೊತೆಗೆ ಇಷ್ಟನ್ನೂ ಬರೆದುಕೊಳ್ಳಿ:

1. ಪಟ್ಟೆ ಇದೆಯೋ ಇಲ್ಲವೋ. ಇದ್ದರೆ ನೈಸ್, ಪಟ್ಟೆ ಬರಹದ ಮುಖಕ್ಕೆ ಸಮಾಂತರವೋ ಅಡ್ಡವೋ.
2. ಕಣದ ಗಾತ್ರ, ಬಣ್ಣ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಒಂದು ಹತ್ತಿರದ ಫೋಟೋ.
3. ಅಕ್ಷರ ಇಲ್ಲದ ಅಂಚಿನ, ಸಾಧ್ಯವಾದರೆ ಬೆನ್ನಿನ ಫೋಟೋ.
4. ಬೆಣಚಿನ ಎಳೆ, ಕಪ್ಪು ಮಚ್ಚೆ ಎಷ್ಟನೇ ಸಾಲಿನಲ್ಲಿ ಹಾದಿದೆ.
5. ಅಂಚಿನಲ್ಲಿ ಬೆಣೆಕುಳಿ ಇದ್ದರೆ ಅದರ ಅಗಲ, ಆಳ, ಅಂತರ.
6. ಸುತ್ತಲಿನ ಗೋಡೆ-ನೆಲದ ಕಲ್ಲು ಯಾವುದು.

ಸೀಮೆಸುಣ್ಣ ಉಜ್ಜಬೇಡಿ. ಆಮ್ಲ ಹಾಕಬೇಡಿ. ಸುತ್ತಿಗೆಯಂತೂ ಹತ್ತಿರ ತರಲೇಬೇಡಿ. ಒಂದು ಲೆನ್ಸು, ಒಂದು ಟಾರ್ಚು ಸಾಕು.

ಭೂವಿಜ್ಞಾನಕ್ಕೂ ನಮ್ಮ ಶಾಸ್ತ್ರಕ್ಕೂ ನಂಟು ಹೊಸದೇನಲ್ಲ. ಅಶೋಕ ಎಂಬ ಹೆಸರನ್ನೇ ಹೇಳುವ ಮಸ್ಕಿ ಶಾಸನವನ್ನು 1915ರಲ್ಲಿ ಮೊದಲು ಕಂಡವರು ಸಿ. ಬೀಡನ್. ಚಿನ್ನ ಹುಡುಕುತ್ತಾ ಆ ಗುಡ್ಡಗಳಲ್ಲಿ ಅಲೆಯುತ್ತಿದ್ದ ಗಣಿ ಎಂಜಿನಿಯರ್ ಅವರು. ಓದಿ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿಗಳು. ಕಲ್ಲು ನೋಡುವ ಕಣ್ಣು, ಅಕ್ಷರ ಓದುವ ಕಣ್ಣು ಎರಡೂ ಸೇರಿದ್ದರಿಂದ ಆ ಶಾಸನ ನಮಗೆ ದಕ್ಕಿತು.

ಆ ದಿನ ಬಸ್ಸು ಬಸ್ರೂರಿನಲ್ಲಿ ನಿಂತದ್ದು ಒಂದು ಗಂಟೆಯಲ್ಲ, ಮೂರು ಗಂಟೆ. ಕೊಡಚಾದ್ರಿಯ ಬುಡ ಮುಟ್ಟುವಾಗ ಹೊತ್ತು ಇಳಿದಿತ್ತು. ಮೇಷ್ಟ್ರು ನನ್ನ ಮೇಲೆ ಸ್ವಲ್ಪ ಸಿಟ್ಟಾದರು. ಆದರೆ ದಾರಿಯುದ್ದಕ್ಕೂ ಹೊಳೆ ದಾಟುವ ಪ್ರತಿ ಸೇತುವೆಯಲ್ಲೂ ಹುಡುಗರು ಕಿಟಕಿಗೆ ಮುಖ ಒತ್ತಿ ಕೆಳಗಿನ ಪಾರೆ ನೋಡುತ್ತಿದ್ದರು, ಬೆಣೆಕುಳಿ ಕಂಡೀತೇನೋ ಅಂತ. ನಿಮ್ಮ ಊರಿನ ಹೊಳೆದಡದ ಬಂಡೆಯಲ್ಲಿ ಅಂಥ ಕುಳಿಗಳ ಸಾಲು ಕಂಡಿದ್ದರೆ ಅಳತೆ ತೆಗೆದು, ಫೋಟೋ ತೆಗೆದು ಇಟ್ಟುಕೊಳ್ಳಿ. ಹತ್ತಿರದ ದೇವಸ್ಥಾನದ ಶಾಸನಕ್ಕೆ ಅದೇ ಮೊದಲ ಸಾಲು ಆಗಿರಬಹುದು.